ಯುಗಾದಿಗೆ ಮುಂಚೆ ಕಾಯಿ ಕಚ್ಚಬೇಕು

ಟೊಮೆಟೊ ಹೂವಿನ ತೊಟ್ಟನ್ನು ಹತ್ತಿರದಿಂದ ನೋಡಿದರೆ ಅದರ ನಡುವೆ ಸಣ್ಣದೊಂದು ಗೆಣ್ಣು ಕಾಣುತ್ತದೆ. ಹೂವು ಉದುರುವುದಿದ್ದರೆ ಮೊದಲು ಹಳದಿಯಾಗುವುದು ಆ ಗೆಣ್ಣೇ. ಎಸಳು ಇನ್ನೂ ಬಾಡಿರುವುದಿಲ್ಲ, ಗಿಡ ಕಡುಹಸಿರಾಗಿ ನಿಂತಿರುತ್ತದೆ, ನೋಡಿದವರು ಯಾರೂ ಏನೂ ಕೊರತೆ ಹೇಳುವಂತಿರುವುದಿಲ್ಲ. ಮರುದಿನ ಬೆಳಿಗ್ಗೆ ನೀರು ಹಾಕುವಾಗ ಕೈ ತಾಗಿದರೆ ಸಾಕು, ಗೆಣ್ಣಿನಿಂದ ಮೇಲಿನದ್ದು ಕಳಚಿ ಬೀಳುತ್ತದೆ, ಕೆಳಗಿನ ಮೋಟು ಗೊಂಚಲಲ್ಲೇ ಉಳಿಯುತ್ತದೆ. ಮಾರ್ಚ್ ಕೊನೆಗೆ ಬೆಂಗಳೂರಿನ ಯಾವ ತಾರಸಿ ಹತ್ತಿದರೂ ಇಂಥ ಮೋಟುಗಳನ್ನೇ ಹೊತ್ತು ನಿಂತ ಗಿಡ ಒಂದಾದರೂ ಸಿಗುತ್ತದೆ. ನಾಲ್ಕಡಿ ಎತ್ತರ, ತೋರಬೆರಳಷ್ಟು ದಪ್ಪದ ಕಾಂಡ, ಐದಾರು ಗೊಂಚಲು, ಒಂದೇ ಒಂದು ಕಾಯಿಯಿಲ್ಲ.

‘ಏನು ಹೊಡೀಬೇಕು ಇದಕ್ಕೆ?’ ಎನ್ನುವುದು ಎಲ್ಲರ ಮೊದಲ ಪ್ರಶ್ನೆ. ಗೊಬ್ಬರದ ಅಂಗಡಿಯಲ್ಲಿ ಉತ್ತರವೂ ಸಿದ್ಧವಿರುತ್ತದೆ: ಒಂದು ಬಾಟಲಿ ಹಾರ್ಮೋನು, ಒಂದು ಪೊಟ್ಟಣ ಬೋರಾನ್. ಹೂವು ಉದುರಲು ಶುರುವಾದ ಮೇಲೆ ಏನು ಹೊಡೆದರೂ ತಡವೇ. ಏಕೆಂದರೆ ಟೊಮೆಟೊದ ಪರಾಗ ಸೆಕೆಗೆ ಅತಿ ಸುಲಭವಾಗಿ ಕೆಡುವುದು ಹೂವು ಅರಳಿದ ದಿನವಲ್ಲ. ಅರಳುವುದಕ್ಕೆ 8ರಿಂದ 13 ದಿನ ಮೊದಲು, ಮೊಗ್ಗು ಕಣ್ಣಿಗೆ ಬಿದ್ದರೂ ಲೆಕ್ಕಕ್ಕಿಲ್ಲದಷ್ಟು ಚಿಕ್ಕದಿರುವಾಗ. ಇವತ್ತು ಉದುರಿದ ಹೂವು ಕಳೆದ ವಾರದ ಬಿಸಿಲಿಗೆ ಸಿಕ್ಕಿದ್ದು. ಹಗಲು 35 ಡಿಗ್ರಿ ದಾಟಿದರೆ ತೊಂದರೆ ಎಂಬುದು ಹಲವರಿಗೆ ಗೊತ್ತು. ಅದಕ್ಕಿಂತ ಹೆಚ್ಚು ಕಾಡುವುದು ರಾತ್ರಿಯ ಸೆಕೆ. ರಾತ್ರಿ 15ರಿಂದ 20 ಡಿಗ್ರಿ ಇದ್ದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ, 21–22 ದಾಟಿತೆಂದರೆ ಇಳಿಮುಖ. ಬೆಂಗಳೂರಿನಲ್ಲಿ ಏಪ್ರಿಲ್ ರಾತ್ರಿಗಳು ಸರಾಸರಿ ಇರುವುದೇ ಅಷ್ಟು. ಹಗಲಿಡೀ ಕಾದ ಸಿಮೆಂಟ್ ತಾರಸಿಯ ಮೇಲೆ ಇನ್ನೂ ಒಂದೆರಡು ಡಿಗ್ರಿ ಜಾಸ್ತಿಯೇ ಇರುತ್ತದೆ. ಹಗಲಿಗಾದರೆ ನೆರಳು ಕಟ್ಟಬಹುದು, ರಾತ್ರಿಗೆ ಏನು ಕಟ್ಟುವುದು?

ಹಾಗಾಗಿ ನಮ್ಮ ಕಡೆ ಈ ಕಾಲದಲ್ಲಿ ಟೊಮೆಟೊ ಕಾಪಾಡುವ ಕೆಲಸದ ಅರ್ಧಪಾಲು ಕ್ಯಾಲೆಂಡರಿನಲ್ಲೇ ಮುಗಿಯಬೇಕು ಎನ್ನುವುದು ನನ್ನ ವಾದ. ಉಳಿದರ್ಧ, ಎಲೆ ಮುದುಡಿಸುವ ಮುಟುರು ರೋಗ ಹರಡುವ ಬಿಳಿನೊಣದ್ದು. ಮಿಕ್ಕಿದ್ದೆಲ್ಲ ಸಣ್ಣಪುಟ್ಟದ್ದು.

ಹಿಂದಿನಿಂದ ಎಣಿಸುವ ಲೆಕ್ಕ

ಯೂಟ್ಯೂಬಿನಲ್ಲಿ ಸಿಗುವ ಸಲಹೆಗಳಲ್ಲಿ ಬಹುಪಾಲು ಹಿಮ ಬೀಳುವ ಊರುಗಳವು. ನ್ಯೂಜೆರ್ಸಿಯಲ್ಲಿರುವ ಕನ್ನಡಿಗರು ಮಾರ್ಚಿನಲ್ಲಿ ಮನೆಯೊಳಗೆ ದೀಪದಡಿ ಬೀಜ ಹಾಕಿ, ಹಿಮದ ಭಯ ಕಳೆದ ಮೇಲೆ ಮೇ ತಿಂಗಳಲ್ಲಿ ಹಿತ್ತಲಿಗೆ ಇಳಿಸುತ್ತಾರೆ. ಅಲ್ಲಿಗೆ ಅದು ಸರಿ. ಅವರಿಗೆ ಬೇಸಿಗೆ ಶುರುವಾಗುವಷ್ಟರಲ್ಲಿ ನಮ್ಮದು ಮುಗಿದಿರುತ್ತದೆ. ಅವರ ಗಿಡ ಚಳಿಯಿಂದ ಸೆಕೆಯ ಕಡೆಗೆ ಬೆಳೆಯುತ್ತದೆ, ನಮ್ಮದು ಹಿತವಾದ ಹವೆಯಿಂದ ಉರಿಯ ಕಡೆಗೆ. ಅದೇ ತಿಂಗಳಲ್ಲಿ ಅದೇ ಕೆಲಸ ಮಾಡಿದರೆ ನಮ್ಮ ಗಿಡ ಹೂ ಬಿಡುವುದು ಮೇ ಮೊದಲ ವಾರಕ್ಕೆ.

ಬೆಂಗಳೂರು, ಮೈಸೂರು, ತುಮಕೂರು, ಕೋಲಾರದ ಕಡೆಗೆ ಲೆಕ್ಕ ಹೀಗೆ. ಯುಗಾದಿ ಯಾವ ತಾರೀಖಿಗೆ ಬಂದರೂ ಏಪ್ರಿಲ್ ಮೊದಲ ವಾರದೊಳಗೆ ಗಿಡದ ಮೊದಲ ಮೂರು ನಾಲ್ಕು ಗೊಂಚಲು ಕಾಯಿ ಕಚ್ಚಿರಬೇಕು. ಕಚ್ಚಿದ ಕಾಯಿಗೆ ಆಮೇಲೆ ಸೆಕೆ ಬಂದರೂ ಉದುರುವ ಭಯ ಕಡಿಮೆ, ಅದು ದಪ್ಪವಾಗುತ್ತದೆ. ನಾಟಿ ಮಾಡಿದ 25–30 ದಿನಕ್ಕೆ ಮೊದಲ ಹೂವು, ಬೀಜದಿಂದ ನಾಟಿಗೆ ಇನ್ನೊಂದು 25 ದಿನ. ಹಿಂದಕ್ಕೆ ಎಣಿಸಿದರೆ ಬೀಜ ಹಾಕುವ ಹೊತ್ತು ಡಿಸೆಂಬರ್ ಕೊನೆಯಿಂದ ಸಂಕ್ರಾಂತಿಯ ತನಕ. ಶಿವರಾತ್ರಿಗೆ ಬೀಜ ಹಾಕುವವರು ಒಂದು ತಿಂಗಳು ಹಿಂದೆ ಬಿದ್ದಂತೆ. ಬೀಜ ಹಾಕಲು ಆಗಲಿಲ್ಲವೆಂದರೆ ಲಾಲ್‌ಬಾಗಿನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಸಸಿ ಕೊಂಡರೂ ಲೆಕ್ಕ ಕೂಡುತ್ತದೆ. ಕೊಳ್ಳುವಾಗ ಎಲೆ ಮಗುಚಿ ಅಡಿಭಾಗದಲ್ಲಿ ಬಿಳಿನೊಣ ಇದೆಯೇ ಎಂದು ನೋಡದೆ ಕಾಸು ಕೊಡಬೇಡಿ.

ಊರು ಬದಲಾದರೆ ಲೆಕ್ಕವೂ ಬದಲು. ಧಾರವಾಡ, ಬೆಳಗಾವಿಯ ರಾತ್ರಿ ಮಾರ್ಚಿನಲ್ಲೂ ತಂಪಾಗಿರುವುದರಿಂದ ಒಂದೆರಡು ವಾರ ಹೆಚ್ಚು ಸಿಗುತ್ತದೆ. ಮಡಿಕೇರಿ, ಚಿಕ್ಕಮಗಳೂರಿನ ಎತ್ತರದ ಕಡೆ ಏಪ್ರಿಲ್ ಪೂರ್ತಿ ಕಾಯಿ ಕಚ್ಚುತ್ತದೆ, ಅಲ್ಲಿ ಹೆದರಬೇಕಾದ್ದು ಮಳೆಗೆ. ಮಂಗಳೂರು, ಉಡುಪಿಯಲ್ಲಿ ಮಾರ್ಚಿನಲ್ಲೇ ರಾತ್ರಿ ಬೆವರುವಷ್ಟು ಸೆಕೆ. ರಾಯಚೂರು, ಕಲಬುರಗಿಯ ಬಿಸಿಲಿನ ಮಾತಂತೂ ಹೇಳಬೇಕಾಗಿಲ್ಲ. ಈ ಎರಡು ಕಡೆಯವರು ಮಳೆ ನಿಂತ ಮೇಲೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬೀಜ ಹಾಕಿ ಚಳಿಯಲ್ಲಿ ಕೊಯ್ಯುವುದೇ ಜಾಣತನ. ಬೇಸಿಗೆಗೆ ಬೆಂಡೆ, ಅಲಸಂದೆ ಇದ್ದೇ ಇವೆ.

ತಳಿಯ ಆಯ್ಕೆಯೂ ಇದೇ ಲೆಕ್ಕಕ್ಕೆ ಸೇರಿದ್ದು. ಗುಂಡಗೆ ದೊಡ್ಡ ಹಣ್ಣು ಬಿಡುವ ತಳಿಗಳು ಸೆಕೆಗೆ ಬೇಗ ಸೋಲುತ್ತವೆ, ಚೆರ್ರಿ ಟೊಮೆಟೊದಂಥ ಸಣ್ಣ ಹಣ್ಣಿನವು ಕೊನೆಯ ತನಕ ಕಚ್ಚುತ್ತಲೇ ಇರುತ್ತವೆ. ತಡವಾಗಿ ಶುರುಮಾಡಿದವರಿಗೆ ನಾನು ಹೇಳುವುದು ಚೆರ್ರಿಯನ್ನೇ. ಸಾರಿಗೆ ಹುಳಿ ಬೇಕೆನ್ನುವವರು ನಾಟಿ ಟೊಮೆಟೊ ಬಿಡುವುದಿಲ್ಲ, ಬಿಡಲೂಬಾರದು. ಆದರೆ ಅಡುಗೆಮನೆಯ ಹಣ್ಣಿನಿಂದ ತೆಗೆದ ನಾಟಿ ಬೀಜಕ್ಕೆ ರೋಗ ತಡೆಯುವ ಶಕ್ತಿ ಇರುತ್ತದೆಂಬ ನಂಬಿಕೆ ಮಾತ್ರ ಪೂರ್ತಿ ನಿಜವಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆ ಮುಟುರು ರೋಗ, ದುಂಡಾಣು ಸೊರಗು ರೋಗ, ಎಲೆ ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ಹೈಬ್ರಿಡ್. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ನಂದಿ, ಸಂಕ್ರಾಂತಿ, ವೈಭವ್ ತಳಿಗಳನ್ನು ಎಲೆ ಮುಟುರು ರೋಗಕ್ಕೆಂದೇ ರೂಪಿಸಿದ್ದು. ತಡೆದುಕೊಳ್ಳುವುದು ಎಂದರೆ ರೋಗ ಬರುವುದೇ ಇಲ್ಲ ಎಂದಲ್ಲ, ಬಂದರೂ ಗಿಡ ಕಾಯಿ ಬಿಡುತ್ತದೆ ಎಂದು. ಹೈಬ್ರಿಡ್ ಹಣ್ಣಿನ ಬೀಜ ಎತ್ತಿಟ್ಟು ಮುಂದಿನ ವರ್ಷ ಅದೇ ಗುಣ ಹುಡುಕಬೇಡಿ.

ಕುಂಡ, ಮಣ್ಣು, ನೀರು

ಇದನ್ನು ಬೇಗ ಮುಗಿಸುತ್ತೇನೆ. ಗಿಡಕ್ಕೆ ಕನಿಷ್ಠ 20 ಲೀಟರ್ ಜಾಗ ಬೇಕು; ಪೇಂಟಿನ 20 ಲೀಟರ್ ಬಕೆಟ್ಟಿಗೆ ತಳದಲ್ಲಿ ಐದಾರು ತೂತು ಕೊರೆದರೆ ಅದಕ್ಕಿಂತ ಒಳ್ಳೆಯ ಕುಂಡ ಬೇಕಿಲ್ಲ. ಒಂದರಲ್ಲಿ ಒಂದೇ ಗಿಡ. ಕೆಮ್ಮಣ್ಣು, ಚೆನ್ನಾಗಿ ಕಳಿತ ಕಾಂಪೋಸ್ಟು, ಕೋಕೋಪೀಟು (ತೆಂಗಿನ ನಾರಿನ ಪುಡಿ) ಸಮಪಾಲು, ಜೊತೆಗೆ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಕೋಕೋಪೀಟನ್ನು ನೆನೆಸಿ, ಹಿಂಡಿ, ನೀರು ಚೆಲ್ಲಿ, ಇನ್ನೊಮ್ಮೆ ನೆನೆಸಿ ಹಿಂಡಬೇಕು. ತೊಳೆಯದ ಪೀಟಿನಲ್ಲಿ ಉಪ್ಪು ಇರುತ್ತದೆ, ಮೇಲಾಗಿ ಅದು ಮಣ್ಣಿನ ಕ್ಯಾಲ್ಸಿಯಂ ಅನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಅದರ ಪರಿಣಾಮ ಕಾಣುವುದು ಎರಡು ತಿಂಗಳ ನಂತರ ಕಾಯಿಯ ತುದಿಯಲ್ಲಿ.

ಕುಂಡವನ್ನು ನೇರ ತಾರಸಿಯ ಮೇಲಿಡದೆ ಎರಡು ಇಟ್ಟಿಗೆಯ ಮೇಲಿಡಿ, ಅಡಿಯಲ್ಲಿ ಗಾಳಿಯಾಡಲಿ. ಕಪ್ಪು ಗ್ರೋ ಬ್ಯಾಗ್ ಆದರೆ ಪಡುವಣ ಮಗ್ಗುಲಿಗೆ ಗೋಣಿಚೀಲ ಸುತ್ತಿ. ಮಧ್ಯಾಹ್ನ ಮೂರು ಗಂಟೆಗೆ ಆ ಮಗ್ಗುಲಿನ ಮಣ್ಣಿಗೆ ಬೆರಳು ತೂರಿಸಿ ನೋಡಿದರೆ ಏಕೆಂದು ತಿಳಿಯುತ್ತದೆ: ಮೂಡಣದ ಬದಿ ತಣ್ಣಗೆ, ಪಡುವಣದ ಬದಿ ಸುಡು. ಬೇರು ಆ ಕಡೆ ಬೆಳೆಯುವುದೇ ಇಲ್ಲ. 20 ಲೀಟರಿನ ಕುಂಡ ಅರ್ಧಕ್ಕೆ ಇಳಿದಂತಾಯಿತು.

ಸಸಿಗೆ ನಾಲ್ಕೈದು ಎಲೆ ಬಂದಾಗ ನಾಟಿ, ಅದೂ ಸಂಜೆ ಹೊತ್ತಿನಲ್ಲಿ. ಕೆಳಗಿನೆರಡು ಎಲೆ ಚಿವುಟಿ ಕಾಂಡವನ್ನು ಉಳಿದ ಮೊದಲ ಎಲೆಯ ತನಕ ಹೂಳಿ, ಹೂತ ಕಾಂಡದುದ್ದಕ್ಕೂ ಬೇರು ಬರುತ್ತದೆ. ಆಧಾರದ ಕೋಲನ್ನು ಅದೇ ದಿನ ಊರಿಬಿಡಿ, ಆಮೇಲೆ ಊರಿದರೆ ಬೇರು ತುಂಡಾಗುತ್ತದೆ. ಎಲೆ ಮತ್ತು ಕಾಂಡದ ಕಂಕುಳಲ್ಲಿ ಬರುವ ಚಿಗುರನ್ನು ಚಿವುಟುವ ಅಭ್ಯಾಸ ಬಳ್ಳಿಯಂತೆ ಹಬ್ಬುವ ತಳಿಗಳಿಗೆ ಮಾತ್ರ. ಗಿಡ್ಡಗೆ ಪೊದೆಯಾಗಿ ಬೆಳೆಯುವ ತಳಿಗೆ ಚಿವುಟಿದರೆ ಕಾಯಿಯನ್ನೇ ಚಿವುಟಿದಂತೆ. ನಮ್ಮ ಬಿಸಿಲಿಗೆ ಎಲೆ ತುಸು ಹೆಚ್ಚೇ ಇರಲಿ; ಬೋಳಿಸಿದ ಗಿಡದ ಕಾಯಿಗಳ ಭುಜ ಬಿಸಿಲಿಗೆ ಬೆಂದು ಬೆಳ್ಳಗಾಗುತ್ತದೆ.

ನೀರಿನ ವಿಷಯಕ್ಕೆ ಬಂದರೆ, ಏಪ್ರಿಲಿನಲ್ಲಿ ತುಂಬಿದ ಗಿಡ ದಿನಕ್ಕೆ ಎರಡರಿಂದ ಮೂರು ಲೀಟರ್ ಕುಡಿಯುತ್ತದೆ, ಬೆಳಿಗ್ಗೆ ಎರಡು ಪಾಲು, ಸಂಜೆ ಒಂದು ಪಾಲು. ಎಂಟು ಗಿಡಕ್ಕೆ ಒಂದು ಕೊಡ ದಾಟುತ್ತದೆ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದಾಗ ಹಲವರು ಗಿಡ ಒಣಗಿಸಿದರು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ನಾಲ್ಕು ಜನರ ಮನೆಯಲ್ಲಿ ಮೂರ್ನಾಲ್ಕು ಗಿಡಕ್ಕೆ ಸಾಕು. ಆರ್‌ಒ ಯಂತ್ರದಿಂದ ಹೊರಬರುವ ನೀರನ್ನೂ ಬಳಸಬಹುದು, ಆದರೆ ಅದರಲ್ಲಿ ಉಪ್ಪಿನಂಶ ಹೆಚ್ಚು. ಅರ್ಧಕ್ಕರ್ಧ ಬೇರೆ ನೀರು ಬೆರೆಸಿ. ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದರೆ ನಿಲ್ಲಿಸಿಬಿಡಿ. ಎಲ್ಲಕ್ಕಿಂತ ದೊಡ್ಡ ಉಳಿತಾಯ ಹೊದಿಕೆಯದು: ಒಣ ತರಗೆಲೆಯೋ ಹುಲ್ಲೋ ಎರಡು ಮೂರು ಇಂಚು ಹೊದಿಸಿದ ಕುಂಡ ಒಂದು ಹೊತ್ತಿನ ನೀರು ಉಳಿಸುತ್ತದೆ.

ನೆರಳಿನ ಪರದೆ ಮಾರ್ಚ್ ಎರಡನೇ ವಾರಕ್ಕೆ ಕಟ್ಟಿದರೆ ಸಾಕು. ಅಂಗಡಿಯಲ್ಲಿ ಕೇಳದೆಯೇ ಕೊಡುವುದು 75 ಪರ್ಸೆಂಟಿನದ್ದು, ಅದು ಆರ್ಕಿಡ್ಡಿಗೆ. ಟೊಮೆಟೊಗೆ 35, ಸಿಗದಿದ್ದರೆ 50. ಗಿಡದ ತುದಿಯಿಂದ ಎರಡಡಿ ಮೇಲೆ ಇರಲಿ, ಬೆಳಗಿನ ಬಿಸಿಲು ಪೂರ್ತಿ ಬೀಳಲಿ. ಹನ್ನೊಂದೂವರೆಯಿಂದ ನಾಲ್ಕರ ತನಕದ್ದನ್ನು ತಡೆದರೆ ಆಯಿತು. ದಟ್ಟ ನೆರಳಿನಲ್ಲಿ ಗಿಡ ಸೊಂಪಾಗಿ ಕಾಣುತ್ತದೆ, ಆದರೆ ಗೆಣ್ಣಿಂದ ಗೆಣ್ಣಿಗೆ ಗೇಣುದ್ದ ಬೆಳೆದು ಹೂವನ್ನೇ ಮರೆಯುತ್ತದೆ.

ಹೂವಿನ ಕೆಳಗೆ ಒಂದು ಕಪ್ಪು ಕಾಗದ

ಹೂವಿಗೆ ಕೈಲಾದ ಸಹಾಯ ಮಾಡುವುದಿದ್ದರೆ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ. ಟೊಮೆಟೊ ಹೂವಿನ ಹಳದಿ ಕೇಸರಗಳು ಒಂದಕ್ಕೊಂದು ಅಂಟಿ ಕೊಳವೆಯಾಗಿರುತ್ತವೆ, ಪರಾಗ ಇರುವುದು ಒಳಗಡೆ. ಹೂವು ಅದುರಿದರೆ ಉಪ್ಪಿನ ಡಬ್ಬಿಯಿಂದ ಉದುರಿದಂತೆ ತುದಿಯಿಂದ ಉದುರುತ್ತದೆ, ಅದುರದಿದ್ದರೆ ಇಲ್ಲ. ಸಾಮಾನ್ಯ ಜೇನ್ನೊಣಕ್ಕೆ ಇದನ್ನು ಅದುರಿಸುವ ವಿದ್ಯೆ ಬರುವುದಿಲ್ಲ. ದೊಡ್ಡ ಕರಿ ದುಂಬಿಗೂ, ಹೊಟ್ಟೆಯ ಮೇಲೆ ನೀಲಿ ಪಟ್ಟೆಯಿರುವ ಒಂಟಿ ಜೇನಿಗೂ ಬರುತ್ತದೆ. ಹೂವನ್ನು ತಬ್ಬಿ ಒಂದು ಕ್ಷಣ ಝೇಂಕರಿಸಿ ಹೊರಡುತ್ತವೆ. ಗಾಳಿಯೂ ಆ ಕೆಲಸ ಮಾಡುತ್ತದೆ. ಗಾಳಿಯಿಲ್ಲದ ಬಾಲ್ಕನಿಯಲ್ಲಿ, ಪರದೆಯೊಳಗೆ ಬೆಳೆಸುವವರು ತಾವೇ ದುಂಬಿಯಾಗಬೇಕು: ಹಳೆಯ ಎಲೆಕ್ಟ್ರಿಕ್ ಟೂತ್‌ಬ್ರಷ್ಷಿನ ಹಿಂಬದಿಯನ್ನು ಗೊಂಚಲಿನ ತೊಟ್ಟಿಗೆ ಎರಡು ಮೂರು ಸೆಕೆಂಡು ಆನಿಸಿ, ಇಲ್ಲವೆ ತೊಟ್ಟನ್ನು ಬೆರಳಿಂದ ಮೀಟಿ.

ಕೆಳಗೊಂದು ಕಪ್ಪು ಕಾಗದ ಹಿಡಿದು ಮೀಟಿದರೆ ಫೆಬ್ರವರಿಯ ಹೂವಿನಿಂದ ತೆಳು ಹಳದಿಯ ಪುಡಿ ಕಣ್ಣಿಗೆ ಕಾಣುವಷ್ಟು ಬೀಳುತ್ತದೆ. ಏಪ್ರಿಲ್ ಕೊನೆಯ ಹೂವಿಂದ ಬಹಳಷ್ಟು ಸಲ ಏನೂ ಬೀಳುವುದಿಲ್ಲ. ಆಗ ಅದೇ ಹೂವನ್ನು ಪಕ್ಕದಿಂದ ನೋಡಿ: ಕೊಳವೆಯ ಒಳಗಿರಬೇಕಾದ ಹಸಿರು ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗದ ಕಡ್ಡಿ, ಉದ್ದವಾಗಿ ಬೆಳೆದು ಕೇಸರದ ಬಾಯಿಂದಾಚೆ ಚಾಚಿಕೊಂಡಿರುತ್ತದೆ. ಸೆಕೆಗೆ ಸಿಕ್ಕಿದ ಹೂವಿನ ಗುರುತು ಅದು. ಒಳಗೆ ಉದುರಿದ ಅಷ್ಟಿಷ್ಟು ಪರಾಗವೂ ಅದರ ತುದಿಗೆ ತಾಗುವುದು ಕಷ್ಟ. ಗಿಡದಲ್ಲಿ ಅಂಥ ಹೂವುಗಳೇ ತುಂಬಿದ್ದರೆ ಹಾರ್ಮೋನಿಗೆ ಖರ್ಚು ಮಾಡುವ ಬದಲು ಈಗಾಗಲೇ ಇರುವ ಕಾಯಿಗಳ ಕಡೆ ಗಮನ ಕೊಡುವುದು ಮೇಲು.

ಬಿಳಿನೊಣ

ಟೊಮೆಟೊದ ಎಲೆ ಮುಟುರು ವೈರಸ್ಸುಗಳಲ್ಲಿ ಒಂದಕ್ಕೆ ವಿಜ್ಞಾನಿಗಳು ಇಟ್ಟಿರುವ ಹೆಸರಿನಲ್ಲೇ ಬೆಂಗಳೂರು ಇದೆ. ಊರಿಗೆ ಬಂದ ಕೀರ್ತಿಗಳಲ್ಲಿ ಇದನ್ನು ಯಾರೂ ಎಣಿಸುವುದಿಲ್ಲ. 1999ರಲ್ಲಿ ಕೋಲಾರದ ಕಡೆ ಬಿಳಿನೊಣದ ಹೊಸದೊಂದು ಪ್ರಭೇದ ಕಾಣಿಸಿಕೊಂಡ ಮೇಲಂತೂ ಟೊಮೆಟೊ ಬೆಳೆಗಾರರ ಬೇಸಿಗೆ ಇನ್ನಷ್ಟು ಕಷ್ಟದ್ದಾಯಿತು. ತಾರಸಿಯ ನಾಲ್ಕು ಗಿಡಕ್ಕೂ ಬರುವುದು ಅದೇ ನೊಣ, ಅದೇ ರೋಗ.

ನೊಣ ಒಂದು ಮಿಲಿಮೀಟರಿನಷ್ಟು. ಗಿಡ ಅಲುಗಿಸಿದರೆ ಸುಣ್ಣದ ಪುಡಿ ಹಾರಿದಂತೆ ಎದ್ದು ಮತ್ತೆ ಎಲೆಯಡಿಗೆ ಕೂರುತ್ತದೆ. ರಸ ಹೀರುವುದರಿಂದ ಆಗುವ ನಷ್ಟ ಸಣ್ಣದು. ರೋಗದ ಗಿಡದ ಮೇಲೆ ಅರ್ಧ ಗಂಟೆ ಕೂತು ಬಂದ ನೊಣ ಸುಮಾರು ಒಂದು ದಿನದ ನಂತರ ವೈರಸ್ ಹರಡಲು ಶುರುಮಾಡುತ್ತದೆ, ಅದೇ ನಿಜವಾದ ಅಪಾಯ. ಇಲ್ಲಿ ಗಿಡದ ವಯಸ್ಸೇ ಎಲ್ಲ. ನಾಟಿಯಾದ ಒಂದು ತಿಂಗಳೊಳಗೆ ತಗುಲಿದರೆ ಗಿಡ ಮುದುಡಿ ಕೂರುತ್ತದೆ, ಕಾಯಿಯ ಆಸೆ ಬಿಡಬೇಕು. ಕಾಯಿ ತುಂಬಿದ ಮೇಲೆ ತಗುಲಿದರೆ ತುದಿ ಮುದುಡಬಹುದು, ಬೆಳೆ ಬರುತ್ತದೆ. ಆದ್ದರಿಂದ ಇಡೀ ಬೇಸಿಗೆ ನೊಣದ ಜೊತೆ ಗುದ್ದಾಡುವುದಕ್ಕಿಂತ ಮೊದಲ ಐವತ್ತು ದಿನ, ಅಂದರೆ ಬೀಜ ಮೊಳೆತಾಗಿನಿಂದ ಮೊದಲ ಹೂವಿನ ತನಕ, ಅದನ್ನು ಗಿಡಕ್ಕೆ ತಾಗಗೊಡದೆ ಇರುವುದು ಸುಲಭ.

ಅದಕ್ಕೆ ಬೇಕಾದ್ದು ಪರದೆ. ಮನೆಯ ಸೊಳ್ಳೆ ಪರದೆ ಕೆಲಸಕ್ಕೆ ಬರುವುದಿಲ್ಲ: ಅದರಲ್ಲಿ ಇಂಚಿಗೆ ಸುಮಾರು ಹನ್ನೆರಡು ಕಣ್ಣು, ಬಿಳಿನೊಣ ನುಸುಳಲು ಅಷ್ಟು ಧಾರಾಳ. ಇಂಚಿಗೆ 40ರಿಂದ 50 ಕಣ್ಣಿನ ಬಿಳಿ ನೈಲಾನ್ ಬಲೆ ಕೇಳಿ ತನ್ನಿ, ‘ಕೀಟ ಬಲೆ, 40 ಮೆಶ್’ ಎಂದರೆ ಕೊಡುತ್ತಾರೆ. ಬಿದಿರಿನ ಕಡ್ಡಿಯೋ ಪಿವಿಸಿ ಪೈಪೋ ಬಗ್ಗಿಸಿ ಗೂಡು ಮಾಡಿ ಹೊದಿಸಿ, ಅಂಚನ್ನು ಮಣ್ಣಿನಿಂದ ಒತ್ತಿ ಮುಚ್ಚಿ ಅಥವಾ ಕುಂಡದ ಕಂಠಕ್ಕೆ ದಾರದಿಂದ ಕಟ್ಟಿ. ಬಲೆ ಕಟ್ಟಿದವರು ಸೋಲುವುದು ಈ ಅಂಚಿನಲ್ಲೇ, ನೀರು ಹಾಕಲು ದಿನಾ ಎತ್ತಿ ಸಡಿಲ ಬಿಡುತ್ತಾರೆ. ಒಂದು ಪೈಪಿನ ತುಂಡನ್ನು ಹೊರಗಿನಿಂದ ಮಣ್ಣಿಗೆ ಇಳಿಸಿಟ್ಟರೆ ಬಲೆ ಎತ್ತದೆ ನೀರು ಹಾಕಬಹುದು. ದಟ್ಟ ಬಲೆಯೊಳಗೆ ಗಾಳಿ ಆಡುವುದಿಲ್ಲ, ಸೆಕೆ ಹೆಚ್ಚು. ಮೊದಲ ಗೊಂಚಲು ಅರಳುವಾಗ ಬಲೆ ತೆಗೆದುಬಿಡುವುದೇ ಸರಿ.

ಬಲೆ ತೆಗೆದ ಮೇಲೆ ಹಳದಿ ಅಂಟು ಕಾರ್ಡು. ಗಿಡದ ತುದಿಯ ಮಟ್ಟಕ್ಕೆ ನಾಲ್ಕು ಗಿಡಕ್ಕೊಂದು. ಹಳದಿ ಬಣ್ಣದ ಪ್ಲಾಸ್ಟಿಕ್ ಮುಚ್ಚಳಕ್ಕೆ ಹರಳೆಣ್ಣೆ ಸವರಿದರೂ ನಡೆಯುತ್ತದೆ, ವಾರಕ್ಕೊಮ್ಮೆ ಒರೆಸಿ ಮತ್ತೆ ಸವರಬೇಕು. ಕಾರ್ಡು ನೊಣದ ಸಂಖ್ಯೆ ತಿಳಿಸುತ್ತದೆ, ನೊಣ ಮುಗಿಸುವುದಿಲ್ಲ. ಐದು ನೊಣ ಅಂಟಿದರೆ ಬೇವಿನೆಣ್ಣೆಗೆ ಕೈ ಹಾಕುವ ಸಮಯ. ಲೀಟರ್ ನೀರಿಗೆ 5 ಎಂಎಲ್ ಎಣ್ಣೆ, 1–2 ಎಂಎಲ್ ದ್ರವ ಸೋಪು. ಮೊದಲು ಸೋಪನ್ನು ಸ್ವಲ್ಪ ಉಗುರುಬೆಚ್ಚಗಿನ ನೀರಿಗೆ ಬೆರೆಸಿ, ಅದಕ್ಕೆ ಎಣ್ಣೆ ಹಾಕಿ ಹಾಲಿನಂತಾಗುವ ತನಕ ಕುಲುಕಿ, ಆಮೇಲೆ ಉಳಿದ ನೀರು. ಎಣ್ಣೆ ಮೇಲೆ ತೇಲುತ್ತಿದ್ದರೆ ಎಲೆ ಸುಡುತ್ತದೆ. ಸಂಜೆ ಐದರ ಮೇಲೆ, ಎಲೆಯ ಅಡಿಭಾಗ ನೆನೆಯುವಂತೆ. ಮೇಲುಭಾಗಕ್ಕೆ ಹೊಡೆದದ್ದು ನೊಣಕ್ಕೆ ತಾಗುವುದೇ ಇಲ್ಲ. ವಾರಕ್ಕೊಮ್ಮೆಯಂತೆ ಮೂರು ಸಲ, ಏಕೆಂದರೆ ಮೊಟ್ಟೆಯಿಂದ ನೊಣವಾಗಲು ಈ ಸೆಕೆಯಲ್ಲಿ ಮೂರು ವಾರ ಸಾಕು, ಒಂದೇ ಸಲಕ್ಕೆ ಎಲ್ಲ ತಲೆಮಾರು ಸಿಗುವುದಿಲ್ಲ. ಪಕ್ಕದ ಖಾಲಿ ಸೈಟಿನ ಕಾಂಗ್ರೆಸ್ ಗಿಡವೂ ಇದೇ ವೈರಸ್ಸಿಗೆ ಆಶ್ರಯ, ಕುಂಡದಲ್ಲಿ ಹುಟ್ಟಿದ ಕಳೆಯನ್ನಾದರೂ ಕೀಳಿ.

ರೋಗ ತಗುಲಿದ ಎಳೆಗಿಡವನ್ನು ಉಳಿಸಿಕೊಳ್ಳುವ ಮೋಹ ಬಿಡುವುದೇ ಕಷ್ಟ. ವೈರಸ್ಸಿಗೆ ಔಷಧಿ ಇಲ್ಲ. ನೊಣಗಳು ಚಳಿಗೆ ಮಂಕಾಗಿರುವ ನಸುಕಿನಲ್ಲಿ ಗಿಡದ ಮೇಲೆ ಪ್ಲಾಸ್ಟಿಕ್ ಚೀಲ ಕವುಚಿ, ಬುಡದಲ್ಲಿ ಕಟ್ಟಿ, ಆಮೇಲೆ ಕತ್ತರಿಸಿ ಬಿಸಿಲಿಗೆ ಒಣಗಲು ಬಿಡಿ. ಮಧ್ಯಾಹ್ನ ಅಲ್ಲಾಡಿಸುತ್ತಾ ಕಿತ್ತರೆ ನೊಣಗಳನ್ನು ಪಕ್ಕದ ಗಿಡಕ್ಕೆ ನೀವೇ ಕಳಿಸಿದಂತೆ.

ಆದರೆ ಕೀಳುವ ಮೊದಲು ಮುದುಡಿದ್ದು ಯಾವ ಎಲೆ ಎಂದು ನೋಡಲೇಬೇಕು, ಸುಮ್ಮಸುಮ್ಮನೆ ಎಷ್ಟೋ ಒಳ್ಳೆಯ ಗಿಡಗಳು ಕಸದಬುಟ್ಟಿ ಸೇರುತ್ತವೆ. ಕೆಳಗಿನ ಬಲಿತ ಎಲೆಗಳು ಹಸಿರಾಗಿಯೇ ಇದ್ದು, ದಪ್ಪಗೆ ಚರ್ಮದಂತಾಗಿ ಮೇಲಕ್ಕೆ ಸುರುಳಿಯಾಗಿದ್ದರೆ ಅದು ಬಿಸಿಲಿಗೆ, ನೀರಿನ ಏರುಪೇರಿಗೆ ಗಿಡ ತೋರುವ ಪ್ರತಿಕ್ರಿಯೆ, ರೋಗವಲ್ಲ. ತುದಿಯ ಹೊಸ ಎಲೆಗಳು ಚಿಕ್ಕದಾಗಿ, ಅಂಚು ಹಳದಿಯಾಗಿ, ಸುಕ್ಕುಗಟ್ಟಿ, ಗೆಣ್ಣುಗಳು ಒತ್ತೊತ್ತಾಗಿ ಗಿಡ ಪೊರಕೆಯಂತಾದರೆ ಅದು ಎಲೆ ಮುಟುರು ರೋಗ. ತುದಿ ಎಲೆ ಸಣ್ಣಗೆ ತಿರುಚಿ, ಅಡಿಭಾಗ ಕಂಚಿನ ಬಣ್ಣಕ್ಕೆ ಹೊಳೆದರೆ ಕಣ್ಣಿಗೆ ಕಾಣದ ನುಸಿ. ಲೀಟರಿಗೆ 2–3 ಗ್ರಾಂ ನೀರಿನಲ್ಲಿ ಕರಗುವ ಗಂಧಕ, ಬಿಸಿಲಿಳಿದ ಮೇಲೆ ಮಾತ್ರ, ಅದೂ ಬೇವಿನೆಣ್ಣೆ ಹೊಡೆದು ಎರಡು ವಾರ ಕಳೆದಿದ್ದರೆ. ತುದಿಯೇ ಕಂದುಕಪ್ಪಾಗಿ ಸುಟ್ಟಂತಾಗಿ ಕಾಯಿಯ ಮೇಲೆ ಉಂಗುರ ಮೂಡಿದರೆ ಅದು ಥ್ರಿಪ್ಸ್ ಎಂಬ ಸಣ್ಣ ಕೀಟ ತಂದ ಇನ್ನೊಂದು ವೈರಸ್, ಆ ಗಿಡವನ್ನೂ ಕೀಳಬೇಕು.

ಲೋಟದ ಪರೀಕ್ಷೆ

ನಿನ್ನೆ ಸಂಜೆ ಚೆನ್ನಾಗಿದ್ದ ಗಿಡ ಇಂದು ಮಧ್ಯಾಹ್ನ ಎಲೆ ಹಸಿರಿರುವಾಗಲೇ ಜೋತುಬಿದ್ದು, ನೀರು ಹಾಕಿದರೂ ಏಳದಿದ್ದರೆ ಬುಡದ ಹತ್ತಿರ ಕಾಂಡ ಕತ್ತರಿಸಿ. ಬೆರಳುದ್ದದ ತುಂಡನ್ನು ಗಾಜಿನ ಲೋಟದ ತಿಳಿನೀರಿನಲ್ಲಿ, ಕೊಯ್ದ ತುದಿ ಮಾತ್ರ ಮುಳುಗುವಂತೆ ಅಲುಗದೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಆ ತುದಿಯಿಂದ ಹಾಲಿನಂಥ ಎಳೆ ನೇರ ಕೆಳಕ್ಕೆ ಇಳಿದರೆ ಅದು ದುಂಡಾಣು ಸೊರಗು ರೋಗ. ಇಳಿಯದಿದ್ದರೆ ಬೇರಿನ ಗಂಟುಹುಳವೋ, ತಳದ ತೂತು ಕಟ್ಟಿ ಬೇರು ಕೊಳೆತದ್ದೋ ಇರಬಹುದು, ಕುಂಡ ಮಗುಚಿ ನೋಡಿದರೆ ತಿಳಿಯುತ್ತದೆ. ಕರಾವಳಿ, ಮಲೆನಾಡಿನ ಹುಳಿ ಮಣ್ಣಿನಲ್ಲಿ ಈ ಸೊರಗು ಬಹಳ. ಅಲ್ಲಿ ರೋಗ ತಡೆಯುವ ತಳಿ ಇಲ್ಲವೆ ಕಾಡು ಬದನೆಯ ಬುಡಕ್ಕೆ ಕಸಿ ಮಾಡಿದ ಟೊಮೆಟೊ, ಎರಡೇ ದಾರಿ. ಆ ಮಣ್ಣಿಗೆ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಯಾವುದೂ ಮತ್ತೆ ಬೇಡ, ಕತ್ತರಿಯನ್ನೂ ಕುದಿನೀರಿನಲ್ಲಿ ಅದ್ದಿ ಇಡಿ.

ಮೊಟ್ಟೆಯ ಚಿಪ್ಪು ಮತ್ತು ಬೋರ್‌ವೆಲ್ ನೀರು

ಕಾಯಿಯ ತುದಿ, ತೊಟ್ಟಿನ ಎದುರು ಬದಿ, ಕಂದಾಗಿ ಒಳಕ್ಕೆ ಕುಸಿದು ಚರ್ಮದಂತೆ ಗಟ್ಟಿಯಾಗುವುದಕ್ಕೆ ಕ್ಯಾಲ್ಸಿಯಂ ಕೊರತೆ ಕಾರಣ ಎಂಬುದು ನಿಜ. ಅದಕ್ಕೆ ಮೊಟ್ಟೆಯ ಚಿಪ್ಪು ಮದ್ದು ಎಂಬುದು ನಿಜವಲ್ಲ. ಚಿಪ್ಪು ಮಣ್ಣಲ್ಲಿ ಕರಗಲು ವರ್ಷಗಳೇ ಬೇಕು. ಬೆಂಗಳೂರಿನ ಬೋರ್‌ವೆಲ್ ನೀರಿನಿಂದ ನಲ್ಲಿಯ ಬಾಯಿಗೆ ಕಟ್ಟುವ ಬಿಳಿ ಪೊರೆ ನೋಡಿದವರಿಗೆ ನೀರಲ್ಲೇ ಎಷ್ಟು ಕ್ಯಾಲ್ಸಿಯಂ ಇದೆ ಎಂದು ಹೇಳಬೇಕಿಲ್ಲ. ಕೊರತೆ ಮಣ್ಣಲ್ಲಲ್ಲ, ಕಾಯಿಯಲ್ಲಿ. ಕ್ಯಾಲ್ಸಿಯಂ ನೀರಿನ ಜೊತೆಗೇ ಏರುತ್ತದೆ. ಬಿಸಿಲಿಗೆ ಎಲೆಗಳು ನೀರನ್ನು ಎಳೆದುಕೊಳ್ಳುವ ರಭಸಕ್ಕೆ ಕಾಯಿಗೆ ಬರುವ ಪಾಲು ಕಡಿಮೆ, ಅದರಲ್ಲಿ ಒಂದು ದಿನ ಕುಂಡ ಒಣಗಿದರೆ ಆ ಪಾಲೂ ಇಲ್ಲ. ಎಲೆಗೆ ಹೋದದ್ದು ಮತ್ತೆ ಕಾಯಿಗೆ ಇಳಿಯುವುದಿಲ್ಲ. ಹಾಗಾಗಿ ಮದ್ದು ಸಮನಾದ ನೀರು, ಹೊದಿಕೆ ಮತ್ತು ಸಾರಜನಕ ಅತಿಯಾಗದಂತೆ ನೋಡಿಕೊಳ್ಳುವುದು. ಎಪ್ಸಮ್ ಉಪ್ಪು ಹಾಕುವವರು ತಿಳಿದಿರಬೇಕಾದ್ದು, ಅದರ ಮೆಗ್ನೀಸಿಯಂ ಬೇರಿನ ಬಾಗಿಲಲ್ಲಿ ಕ್ಯಾಲ್ಸಿಯಂಗೇ ಪೈಪೋಟಿ. ಉದ್ದುದ್ದದ ಫಾರಂ ಟೊಮೆಟೊದಲ್ಲಿ ಈ ತುದಿ ಕೊಳೆ ಹೆಚ್ಚು, ಚೆರ್ರಿಯಲ್ಲಿ ಅಪರೂಪ. ಹಾಳಾದ ಕಾಯಿಯನ್ನು ಕಿತ್ತು, ಕೆಟ್ಟ ಭಾಗ ಕತ್ತರಿಸಿ ಉಳಿದದ್ದನ್ನು ಗೊಜ್ಜಿಗೆ ಹಾಕಬಹುದು.

ಗೊಬ್ಬರದ ಬಗ್ಗೆ ಇಷ್ಟು ಸಾಕು: ಹೂ ಬಂದ ಮೇಲೆ ಹದಿನೈದು ದಿನಕ್ಕೊಮ್ಮೆ 100 ಗ್ರಾಂ ಕಡಲೆಕಾಯಿ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ಹತ್ತರಷ್ಟು ನೀರು ಬೆರೆಸಿ, ಗಿಡಕ್ಕೆ ಒಂದು ಲೀಟರ್. ವಾಸನೆಗೆ ಪಕ್ಕದ ಮನೆಯವರು ಬೈದರೆ ಅದು ಸರಿಯಾಗಿ ಹುದುಗಿದೆ ಎಂದರ್ಥ.

ಮಾವಿನ ಹೊಯ್ಲು ಬಂದಾಗ

ಏಪ್ರಿಲ್ ಮಧ್ಯದಿಂದ ಮೇ ತನಕ ಯಾವ ಸಂಜೆಯಾದರೂ ಗುಡುಗು, ಗಾಳಿ, ಆಲಿಕಲ್ಲು. ಬಾಯಾರಿದ ಗಿಡ ಒಮ್ಮೆಲೇ ಹೀರಿದ ನೀರಿಗೆ ಹಣ್ಣಿನ ಸಿಪ್ಪೆ ತೊಟ್ಟಿನ ಸುತ್ತ ಬಿರಿಯುತ್ತದೆ. ಮೋಡ ಕವಿದ ಮಧ್ಯಾಹ್ನವೇ ಬಣ್ಣ ತಿರುಗಿದ ಕಾಯಿಗಳನ್ನು ಕಿತ್ತುಬಿಡುವುದು ಒಳ್ಳೆಯದು. ತುದಿಯಲ್ಲಿ ನಸುಗೆಂಪು ಮೂಡಿದ ಕಾಯಿಗೆ ಗಿಡದಿಂದ ಇನ್ನು ಬರಬೇಕಾದ್ದು ಹೆಚ್ಚೇನಿಲ್ಲ. ಅದೂ ಅಲ್ಲದೆ 30–32 ಡಿಗ್ರಿ ಮೀರಿದ ಸೆಕೆಯಲ್ಲಿ ಹಣ್ಣಿನ ಕೆಂಪು ಬಣ್ಣ ಹುಟ್ಟುವುದೇ ನಿಲ್ಲುತ್ತದೆ. ಗಿಡದಲ್ಲೇ ಬಿಟ್ಟರೆ ಕಿತ್ತಳೆ ಬಣ್ಣಕ್ಕೆ ನಿಂತು ಮೆತ್ತಗಾಗುತ್ತದೆ. ಅಡುಗೆಮನೆಯ ನೆರಳಿನ ಮೂಲೆಯಲ್ಲಿ ಬುಟ್ಟಿಯಲ್ಲಿಟ್ಟರೆ ಐದಾರು ದಿನಕ್ಕೆ ಪೂರ್ತಿ ಕೆಂಪು. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ಮಾಗುವುದು ಅಲ್ಲಿಗೇ ನಿಲ್ಲುತ್ತದೆ.

ಮಳೆ ಬಿದ್ದ ವಾರದೊಳಗೆ ಕೆಳಗಿನ ಎಲೆಗಳಲ್ಲಿ ಉಂಗುರದೊಳಗೆ ಉಂಗುರವಿರುವ ಕಂದು ಮಚ್ಚೆ ಕಾಣಿಸಿಕೊಂಡರೆ ಎಲೆ ಅಂಗಮಾರಿ. ಅದು ಮಣ್ಣಿನಿಂದ ಸಿಡಿದ ನೀರಿನ ಜೊತೆ ಏರುತ್ತದೆ, ಹಾಗಾಗಿ ಬುಡದಿಂದ ಒಂದು ಗೇಣಿನ ತನಕ ಎಲೆ ಇಲ್ಲದಂತೆ ಮೊದಲೇ ಸವರಿಟ್ಟವರಿಗೆ ಅರ್ಧ ತೊಂದರೆ ಕಡಿಮೆ. ಮಚ್ಚೆ ಎಲೆ ಕಿತ್ತು, ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ, ಹತ್ತು ದಿನದ ಅಂತರದಲ್ಲಿ ಎರಡು ಸಲ. ಇದೇ ಹೊತ್ತಿಗೆ ಕಾಯಿ ಕೊರಕವೂ ಬರುತ್ತದೆ. ಕಾಯಿಗೆ ತಲೆ ತೂರಿಸಿ ಅರ್ಧ ಮೈ ಹೊರಗಿಟ್ಟ ಹುಳವನ್ನು ಸಂಜೆ ಟಾರ್ಚ್ ಹಿಡಿದು ಆರಿಸಿದರೆ ಮನೆಮಟ್ಟಿಗೆ ಸಾಕು. ರೈತರು ಹದಿನಾರು ಸಾಲಿಗೊಂದು ಸಾಲು ಚೆಂಡುಹೂ ಹಾಕುವುದು ಈ ಹುಳಕ್ಕೇ. ತಾರಸಿಯಲ್ಲಿ ಒಂದೆರಡು ಕುಂಡ. ಆದರೆ ಟೊಮೆಟೊ ಹೂ ಬಿಡುವಾಗಲೇ ಚೆಂಡುಹೂವೂ ಅರಳಬೇಕು, ಅದನ್ನು ಮೂರು ವಾರ ಮೊದಲೇ ಬಿತ್ತಬೇಕು. ಎಲೆಯೊಳಗೆ ಬೂದು ಬಣ್ಣದ ಅಗಲ ಮಚ್ಚೆ, ಅದರಲ್ಲಿ ಕರಿ ಹಿಕ್ಕೆ, ಕಾಯಿಯ ತೊಟ್ಟಿನ ಬಳಿ ಗುಂಡುಸೂಜಿಯ ತೂತು ಕಂಡರೆ ಅದು 2014ರಿಂದ ನಮ್ಮ ದೇಶದಲ್ಲಿ ವರದಿಯಾಗುತ್ತಿರುವ ಟ್ಯೂಟಾ ಹುಳ. ಆ ಎಲೆಗಳನ್ನು ಕಾಂಪೋಸ್ಟಿಗೆ ಹಾಕದೆ ಚೀಲದಲ್ಲಿ ಕಟ್ಟಿ ಬಿಸಿಲಿಗಿಡಿ.

ಮೇ ಮೂರನೇ ವಾರದ ಹೊತ್ತಿಗೆ ಗಿಡ ದಣಿದಿರುತ್ತದೆ. ಮಳೆಗಾಲದ ತಂಪಿಗೆ ಮತ್ತೆ ಚಿಗುರೀತು ಎಂದು ಉಳಿಸಿಕೊಳ್ಳುವವರಿದ್ದಾರೆ, ಚಿಗುರುವುದೂ ಹೌದು. ಆದರೆ ಆ ಚಿಗುರಿಗೆ ಹಳೆಯ ಗಿಡದ ವೈರಸ್ಸು, ನುಸಿ ಎರಡೂ ಬಳುವಳಿಯಾಗಿ ಬಂದಿರುತ್ತವೆ. ಬುಡಸಮೇತ ಕಿತ್ತು, ಬೇರಿನಲ್ಲಿ ಗಂಟುಗಳಿವೆಯೇ ನೋಡಿ. ಗಂಟಿದ್ದರೆ ಆ ಮಣ್ಣನ್ನು ತಾರಸಿಯ ಮೇಲೆ ತೆಳುವಾಗಿ ಹರಡಿ, ತುಸು ನೀರು ಚಿಮುಕಿಸಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಉಳಿದಿರುವ ಬಿಸಿಲಿನಲ್ಲಿ ಎರಡು ಮೂರು ವಾರ ಬೇಯಲು ಬಿಡಬೇಕು. ಗಂಟಿಲ್ಲದಿದ್ದರೆ ಕಾಲುಪಾಲು ಹೊಸ ಕಾಂಪೋಸ್ಟು, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ, ಮುಂಗಾರಿಗೆ ಅದರಲ್ಲಿ ಹುರುಳಿಕಾಯಿಯನ್ನೋ ದಂಟಿನ ಸೊಪ್ಪನ್ನೋ ಬಿತ್ತಬಹುದು.